ಷಣ್ಮುಖನ ಕಂಠಿಕೆ

ಮಳೆಯನ್ನೇ ನಂಬಿದ ಚೋರನೂರಿನಂತಹ ಹೋಬಳಿಯಲ್ಲಿ ಸಂಸಾರ ಹೂಡಿದ ಗೃಹಸ್ಥನಿಗೆ ಮಹಾಸಂಖ್ಯೆಗಳ ಸಹವಾಸ ಸುಲಭದಲ್ಲಿ ಒದಗುವಂತಹದಲ್ಲ. ಶೇಂಗಾ ಮೂಟೆಗಳ ಲೆಕ್ಕ ಬೆರಳಿನ ಗೆರೆಗಳಲ್ಲಿಯೇ ಮುಗಿದುಹೋಗುವುದರಿಂದ, ಕೋಟಿಗಳೆಂಬುವೇನಿದ್ದರೂ ಸಂಡೂರಿನ ಬೆಟ್ಟಗಳಿಂದ ಅದಿರು ಹೊತ್ತು ಕೆಂಧೂಳೆಬ್ಬಿಸುತ್ತ ಹೋಗುವ ಲಾರಿಗಳ ಒಡೆಯರಿಗೆ ಸಂಬಂಧಪಟ್ಟ ವಿಷಯವೆಂದು ನಮ್ಮವರು ಬಹುಕಾಲದ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾರೆ. ಹೀಗಿರಲು, ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂಬ ಸಂಖ್ಯೆಯೊಂದರ ಮೇಲೆ ನನಗೆ ಹುಟ್ಟಿರುವ ಮೋಹವನ್ನು ಮನೆಯವರು ವಯೋಧರ್ಮವೆಂದು ಕ್ಷಮಿಸಿದ್ದಾರೆ.

ಬಾಯಲ್ಲಿ ಹೇಳಿದರೆ ಸಾಲದು, ಅಂಕಿಗಳಲ್ಲಿ ಬರೆಯಬೇಕು: 12345654321. ಒಂದರಿಂದ ಆರಕ್ಕೇರಿ ಅದೇ ಕ್ರಮದಿಂದ ಇಳಿಯುವ ಇದನ್ನು, ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ರಾಜ್ಯವಾಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸಿ ಪಡೆದಿದ್ದಾನೆ. 142857143ನ್ನು 7ರಿಂದ ಗುಣಿಸಿದರೆ ದೊರೆಯುವ 1000000001 ಆತನಿಗೆ ಅರಸನ ಕೊರಳಿಗೊಪ್ಪುವ ಕಂಠಾಭರಣ. ಗ್ರಂಥಾರಂಭದಲ್ಲಿ ದೊರೆಯನ್ನು ಸ್ತುತಿಸಿ, ಭಂಡಾರದ ಒಂದು ಗುಲಗಂಜಿ ಚಿನ್ನವೂ ಕರಗದಂತೆ ಅವನಿಗೆ ಹಾರ ತೊಡಿಸಿದ ಈ ಪಂಡಿತನ ಮಿತವ್ಯಯ ನನಗೆ ಅತ್ಯಂತ ಪ್ರಿಯವಾದುದು.

ನನ್ನ ಮೋಹದ ಆ ಸಂಖ್ಯೆಯ, ಎಂದರೆ 12345654321ರ, ವರ್ಗಮೂಲ 111111. ಕುಮಾರಸ್ವಾಮಿಯು ಬೆಟ್ಟವೇರಿ ನೆಲೆಸಿರುವ ಸಂಡೂರು ಸೀಮೆಯವನಿಗೆ ಇದು ಆರು ಮುಖಗಳ ಸಾಲಾಗಿ ಕಾಣದೆ ಮತ್ತೇನಾಗಿ ಕಂಡೀತು? ಜೈನನಾದ ಆಚಾರ್ಯನ ಮನಸ್ಸಿನಲ್ಲಿ ಷಣ್ಮುಖನಿದ್ದನೆಂದು ವಾದಿಸುವ ಸಾಹಸ ನನಗಿಲ್ಲ. ಆದರೂ ಅಂಕಿಗಳನ್ನೆಲ್ಲ ಕೂಡಿದರೆ 36, ಅದೂ ಆರರ ವರ್ಗವೇ, ಎಂದಾಗ ಭಕ್ತಿ ತುಸು ಉಕ್ಕುವುದುಂಟು. 3, 7, 11, 13, 37 ಎಂಬ ಐದೇ ಅವಿಭಾಜ್ಯಗಳು ಎರಡೆರಡು ಬಾರಿ ಸೇರಿ ಇದನ್ನು ಕಟ್ಟಿವೆ. ಶೇಷವಿಲ್ಲದೆ ಇದನ್ನು ಭಾಗಿಸಬಲ್ಲ ಸಂಖ್ಯೆಗಳು 243.

ಇದನ್ನೆಲ್ಲ ನಮ್ಮೂರಿನ ಕಿರಾಣಿ ವರ್ತಕರೊಬ್ಬರಿಗೆ, ಅವರ ಖಾತೆಪುಸ್ತಕದ ಹಿಂಬದಿಯ ಖಾಲಿ ಹಾಳೆಯಲ್ಲಿಯೇ, ಗುಣಿಸಿ ತೋರಿಸಿದೆ. ಒಂದುಗಳ ಆರು ಸಾಲು, ಪ್ರತಿಯೊಂದೂ ಮೇಲಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದು ನಿಲ್ಲುವುದು. ಬಲತುದಿಯಲ್ಲಿ ಕೂಡಲು ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಟ್ಟನಡುವೆ ಆರು. ‘ಕೈಯಲ್ಲಿ ಒಂದು’ ಎನ್ನಬೇಕಾದ ಪ್ರಸಂಗವೇ ಇಲ್ಲ. ವರ್ತಕರು ಕನ್ನಡಕವನ್ನು ಹಣೆಗೇರಿಸಿ, “ಇದು ಬರಬೇಕಾದ್ದೋ, ಕೊಡಬೇಕಾದ್ದೋ?” ಎಂದರು. ಎರಡೂ ಅಲ್ಲವೆಂದು ತಿಳಿದ ಮೇಲೆ ಅವರ ಗೌರವ ಇಳಿದರೂ ಕುತೂಹಲ ಇಳಿಯಲಿಲ್ಲ. ಒಂದುಗಳನ್ನು ಹೆಚ್ಚಿಸುತ್ತ ಹೋದರೇನಾಗುವುದೆಂದು ಕೇಳಿದರು. ಒಂಬತ್ತರವರೆಗೆ ಹಾರ ಕೆಡುವುದಿಲ್ಲ: 12345678987654321. ಹತ್ತು ಒಂದುಗಳಾದವೋ, ನಡುವಿನ ಸ್ಥಾನದಲ್ಲಿ ಹತ್ತು ತುಂಬಿ ಒಂದು ಎಡಕ್ಕೆ ದಾಟುವುದು. ಅಲ್ಲಿಯ ಒಂಬತ್ತೂ ಹತ್ತಾಗಿ ಮತ್ತೊಂದನ್ನು ಮುಂದಕ್ಕೆ ತಳ್ಳುವುದು. ಬಡಪಾಯಿ ಎಂಟು ಅದನ್ನು ಪಡೆದು ಒಂಬತ್ತೆಂದು ಬಡ್ತಿ ಹೊಂದಿ, 1234567900987654321 ಆಗುವುದು.

“ಏರುವ ಕಡೆ ಎಂಟು ಎಲ್ಲಿ?” ಎಂದು ವರ್ತಕರು ಬೆರಳಿಟ್ಟರು. ಎಂಟಿನ ಈ ತಲೆಮರೆಸುವಿಕೆ ಹೊಸತಲ್ಲವೆಂದೂ, ಮಹಾವೀರನು ಒಂಬತ್ತರಿಂದ ಗುಣಿಸಿ 111111111ನ್ನು ಪಡೆದ 12345679ರಲ್ಲಿಯೂ ಅದಿಲ್ಲವೆಂದೂ ಸಮಾಧಾನ ಹೇಳಿದೆ.

“ಸಾವಿರ ವರ್ಷಕ್ಕೂ ಮೇಲಾಯಿತು, ಯಾರೂ ವಿಚಾರಿಸಲಿಲ್ಲವೇ?” ಎಂದರು ಅವರು. “ನಮ್ಮಲ್ಲಾಗಿದ್ದರೆ ಅಂದೇ ಗುಮಾಸ್ತನ ಸಂಬಳದಲ್ಲಿ ಹಿಡಿಯುತ್ತಿದ್ದೆ.”