ವೇಗಾಚಾರ್ಯರು

ನಮ್ಮ ಬೀದಿಯಲ್ಲಿ ಯಾರ ಮನೆಯ ಇಂಟರ್‌ನೆಟ್ಟು ಮಂದಗತಿಗಿಳಿದರೂ, ಕರೆಯುವ ಮುನ್ನವೇ ಆಗಮಿಸಿ, ಪಾದರಕ್ಷೆಗಳನ್ನು ಹೊಸ್ತಿಲಾಚೆ ಕಳಚಿ, ಮನೆಯೊಡೆಯನನ್ನು ಕಣ್ಸನ್ನೆಯಿಂದಲೇ ಕುರ್ಚಿಯಿಂದೆಬ್ಬಿಸಿ, ಪಂಡಿತರು ನಾಡಿ ಹಿಡಿಯುವ ಗಾಂಭೀರ್ಯದಿಂದ ಮೌಸು ಹಿಡಿಯುವ ಮಹನೀಯರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದ ಅವರಿಗೆ ನಾವಿತ್ತ ಬಿರುದು ವೇಗಾಚಾರ್ಯರು.

"ನೋಡೀ ಸ್ವಾಮಿ, ಈ ವಿಂಡೋಸು ನೂರಕ್ಕೆ ಇಪ್ಪತ್ತು ಪಾಲು ತಾನೇ ಇಟ್ಕೊಂಡಿರತ್ತೆ. ಮೊದಲು ಅದನ್ನ ಕಕ್ಕಿಸಬೇಕು" ಎಂಬುದು ಅವರ ಮೂಲಸೂತ್ರ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಪ್ರಚಾರಕ್ಕೆ ಬಂದ ಈ ಪುರಾಣವನ್ನು, ಆದ್ಯತೆ ಬೇಡುವ ತಂತ್ರಾಂಶವಿದ್ದಾಗಲಷ್ಟೇ ಆ ಮೀಸಲು ಅನ್ವಯಿಸುವುದೆಂದೂ, ಮಿಕ್ಕಂತೆ ಹಾದಿಯೆಲ್ಲವೂ ಸಕಲರಿಗೂ ತೆರೆದಿರುವುದೆಂದೂ ಮೈಕ್ರೋಸಾಫ್ಟಿನವರೇ ತಿಳಿಸಿ ಅಲ್ಲಗಳೆದರೂ, ಆಚಾರ್ಯರು ಇಂದಿಗೂ ಆ ಇಪ್ಪತ್ತನ್ನು ಅಳಿಸಿ ಸೊನ್ನೆ ಬರೆಯದೆ ಕಾಫಿ ಮುಟ್ಟರು.

ತರುವಾಯ ಡಿಎನ್‌ಎಸ್‌ನ ಸರದಿ. 8.8.8.8 ಎಂಬುದನ್ನು ಅವರು ಉಚ್ಚರಿಸುವ ಶ್ರದ್ಧೆಯನ್ನು ಕಂಡರೆ ಅಷ್ಟಾಕ್ಷರಿಯ ಉಪದೇಶವೇ ನೆನಪಾಗುವುದು. ಹೆಸರು ಕೇಳಿ ವಿಳಾಸ ಹೇಳುವವನು ಚುರುಕಾದರೆ ಮನೆ ಬೇಗ ಸಿಕ್ಕೀತೇ ವಿನಾ, ನಾವೇರಿದ ಎತ್ತಿನ ಗಾಡಿ ಕುದುರೆ ಸಾರೋಟಾಗದು. ಆದರೆ ಆ ಏಕಾಗ್ರತೆಗೆ ಭಂಗ ತರುವ ಧೈರ್ಯ ಯಾರಿಗಿದೆ?

ಅವರ ಒಂದು ಅಪರಾಧವನ್ನು ಮಾತ್ರ ನಾನು ಕ್ಷಮಿಸಲಾರೆ. ಬರುವ ಮಾಹಿತಿಯ ಪ್ರವಾಹಕ್ಕೆ ತಕ್ಕಂತೆ ತನ್ನ ಬೊಗಸೆಯನ್ನು ತಾನೇ ಹಿಗ್ಗಿಸಿಕೊಳ್ಳುವ ಜಾಣ್ಮೆ ವಿಂಡೋಸಿಗೆ ವಿಸ್ಟಾ ಕಾಲದಿಂದಲೂ ಉಂಟು. ನಮ್ಮ ಮನೆಗೆ ಬಂದ ದಿನ ಕರಿಯ ಪರದೆಯೊಂದನ್ನು ತೆರೆದು ಆಚಾರ್ಯರು ಅದನ್ನೇ ನಿಲ್ಲಿಸಿಬಿಟ್ಟರು. ಇದ್ದ ವೇಗವೂ ಕುಸಿಯಿತು. "ಹೊಂದಿಕೊಳ್ಳೋಕೆ ಎರಡು ದಿನ ಬೇಕು ಸ್ವಾಮಿ" ಎಂದು ಅಭಯವಿತ್ತು ಹೊರಟರು. ಅವರು ಗೇಟು ದಾಟಿದೊಡನೆ ನಾನದನ್ನು ಮೊದಲಿನಂತೆಯೇ ಮಾಡಿದೆನು. ಹಳೆಯ ಮಂದಗತಿಯಾದರೂ ಮರಳಿ ಬಂದಿತು.

ಮರುದಿನ ಆಯುಧಪೂಜೆ. ತಂತಿಗಳು ಕಣ್ಣಿಗೆ ಕಾಣಬಾರದೆಂದು ಕಬ್ಬಿಣದ ಬೀರುವಿನ ಹಿಂದೆ ವರ್ಷದಿಂದ ಹುದುಗಿಸಿಟ್ಟಿದ್ದ ರೂಟರನ್ನು ನನ್ನಾಕೆ ಹೊರಗೆಳೆದು, ಧೂಳೊರೆಸಿ, ಕುಂಕುಮವಿಟ್ಟು, ಹೂವೇರಿಸಿ, ನಡುಮನೆಯ ಮೇಜಿನ ಮೇಲೆ ಪ್ರತಿಷ್ಠಾಪಿಸಿದಳು. ಕ್ಷಣಾರ್ಧದಲ್ಲಿ ವೇಗ ಮೂರು ಪಟ್ಟಾಯಿತು.

ಪೂಜೆಯ ಪ್ರಸಾದಕ್ಕೆಂದು ಬಂದ ಆಚಾರ್ಯರು ಪರದೆಯ ಮೇಲಿನ ಅಂಕಿಯನ್ನು ಕಂಡು, "ಹೇಳಿರಲಿಲ್ವೇ, ಹೊಂದಿಕೊಳ್ಳತ್ತೆ ಅಂತ! ಎರಡು ದಿನವೂ ಬೇಕಾಗ್ಲಿಲ್ಲ" ಎಂದರು. ಎರಡನೆಯ ಲೋಟ ಕಾಫಿಯನ್ನೂ ಬೇಡವೆನ್ನಲಿಲ್ಲ.