ಹರಿದ ತೆರೆಯನ್ನು ಹೊಲಿಯುತ್ತಿರುವವರಿಗೆ

ಮಾನ್ಯ ಸಭಾಪಾಲಕರೇ, ಸಭೆಯ ಹಿರಿಯರೇ, ಪ್ರಾರ್ಥನಾಕೂಟಗಳನ್ನು ನಡೆಸುವ ಸಹೋದರ ಸಹೋದರಿಯರೇ,



ಗುಡ್ ಫ್ರೈಡೆಯ ಆರಾಧನೆಯಲ್ಲಿ ನೀವು ವರ್ಷವರ್ಷವೂ ಓದಿಸುವ ಒಂದು ವಾಕ್ಯದ ಬಗ್ಗೆ ಬರೆಯುತ್ತಿದ್ದೇನೆ. ಯೇಸು ಪ್ರಾಣ ಬಿಟ್ಟಾಗ ದೇವಾಲಯದ ತೆರೆ ಮೇಲಿನಿಂದ ಕೆಳಗಿನ ತನಕ ಹರಿದುಹೋಯಿತೆಂದು ಮತ್ತಾಯನೂ ಮಾರ್ಕನೂ ಹೇಳುತ್ತಾರೆ. ನಾವು ತಲೆ ಬಾಗಿಸಿ ಕೇಳುತ್ತೇವೆ. ಕೇಳಿ ಮನೆಗೆ ಹೋದವರು ಉಳಿದ ಭಾನುವಾರಗಳಲ್ಲಿ ಅದೇ ತೆರೆಯನ್ನು ಹೊಲಿಯಲು ಕೂರುತ್ತೇವೆ.

ಆ ತೆರೆ ಎಲ್ಲಿತ್ತೆಂಬುದನ್ನು ಒಮ್ಮೆ ನೆನಪಿಸಿಕೊಳ್ಳೋಣ. ಹೆರೋದನ ಕಾಲದ ಯೆರೂಸಲೇಮ್ ದೇವಾಲಯದಲ್ಲಿ ಯಾರು ಎಲ್ಲಿಯವರೆಗೆ ಬರಬಹುದೆಂಬುದು ಅಂಗಳ ಅಂಗಳಕ್ಕೂ ನಿಗದಿಯಾಗಿತ್ತು. ಅನ್ಯಜನರಿಗೆ ಹೊರಗಿನ ಅಂಗಳ ಮಾತ್ರ. ಅಲ್ಲೊಂದು ತಡೆಗೋಡೆ, ದಾಟಿದರೆ ಸಾವಿಗೆ ನೀನೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕೊರೆದ ಕಲ್ಲುಗಳು. ಅವುಗಳಲ್ಲೊಂದು 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಗೋಡೆಯಾಚೆ ಹೆಂಗಸರು ಬರಬಹುದಾದ ಅಂಗಳ, ಆಮೇಲೆ ಇಸ್ರಾಯೇಲಿನ ಗಂಡಸರದು, ಆಮೇಲೆ ಯಾಜಕರದು. ಇವೆಲ್ಲ ದಾಟಿದ ಮೇಲೆ ತೆರೆ, ಅದರ ಹಿಂದೆ ಮಹಾಪವಿತ್ರಸ್ಥಾನ. ಅಲ್ಲಿಗೆ ವರ್ಷದಲ್ಲಿ ಒಂದೇ ದಿನ, ದೋಷಪರಿಹಾರಕ ದಿನದಂದು, ಮಹಾಯಾಜಕನೊಬ್ಬನೇ ಧೂಪವನ್ನೂ ಬಲಿಯ ರಕ್ತವನ್ನೂ ಹಿಡಿದು ಹೋಗುತ್ತಿದ್ದ. ಹೆರೋದನಿಗೂ ಮುಂಚೆ, ಕ್ರಿ.ಪೂ. 63ರಲ್ಲಿ, ರೋಮಿನ ಪಾಂಪೆ ಕತ್ತಿಯ ಬಲದಿಂದ ಒಳನುಗ್ಗಿದ. ಸೇನಾಪತಿ ನುಗ್ಗಬಹುದಿತ್ತು, ಭಕ್ತನಿಗೆ ಆಗುತ್ತಿರಲಿಲ್ಲ.

ಇಬ್ರಿಯರಿಗೆ ಬರೆದ ಪತ್ರಿಕೆ ನಿಂತಿರುವುದೇ ಈ ಹಿನ್ನೆಲೆಯ ಮೇಲೆ. ಕ್ರಿಸ್ತನು ಒಂದೇ ಸಾರಿ, ಎಲ್ಲರಿಗಾಗಿ, ಸ್ವಂತ ರಕ್ತದೊಂದಿಗೆ ಒಳಗೆ ಹೋದನು. ಇನ್ನು ನೀವೂ ಧೈರ್ಯವಾಗಿ ಕೃಪಾಸನದ ಹತ್ತಿರ ಬನ್ನಿ ಎಂಬುದು ಅದರ ಸಾರ. ಇಂಥವರು ಬನ್ನಿ, ಇಷ್ಟು ಕಾಣಿಕೆ ಹಾಕಿದವರು ಬನ್ನಿ ಎಂಬ ಷರತ್ತು ಅಲ್ಲಿಲ್ಲ.

ಹಾಗಿದ್ದ ಮೇಲೆ ಮುಂದಿನ ಸಾಲಿನ ಸೋಫಾ ಯಾರಿಗೆ? ವೇದಿಕೆಯ ಮೇಲೆ ನಿಂತು ತಲೆಯ ಮೇಲೆ ಕೈಯಿಡುವ ಪ್ರಾರ್ಥನೆಗೆ ಟೋಕನ್ ಏಕೆ? ಅಭಿಷೇಕದ ಎಣ್ಣೆಯ ಬಾಟಲಿಗೆ ದರ ಏಕೆ? ಹತ್ತಿರ ಬರಲು ಹಣ ಕೇಳುವುದನ್ನು ಕ್ರೈಸ್ತಲೋಕ ಹಿಂದೆಯೂ ನೋಡಿದೆ. 1517ರಲ್ಲಿ ಲೂಥರ್ ಸಿಡಿದೆದ್ದದ್ದು ಪಾಪದಂಡನೆಯ ವಿನಾಯಿತಿ ಪತ್ರಗಳ ಮಾರಾಟದ ವಿರುದ್ಧ. ದೀಕ್ಷಾಸ್ನಾನ ಪಡೆದವರೆಲ್ಲರೂ ಯಾಜಕರೇ ಎಂದು ಅವನು 1520ರಲ್ಲಿ ಬರೆದ. ಎರಡನೆಯ ವ್ಯಾಟಿಕನ್ ಮಹಾಸಭೆ ಕೂಡ 1964ರಲ್ಲಿ, ಗುರುಗಳ ಯಾಜಕತ್ವವನ್ನು ಉಳಿಸಿಕೊಂಡೇ, ವಿಶ್ವಾಸಿಗಳೆಲ್ಲರ ಯಾಜಕತ್ವವನ್ನು ಸಾರಿತು. ಸಿದ್ಧಾಂತದಲ್ಲಿ ಯಾವ ಸಭೆಗೂ ಈ ಬಗ್ಗೆ ಅನುಮಾನವಿಲ್ಲ.

ಹಣಕ್ಕಿಂತ ಗಟ್ಟಿಯಾದ ದಾರ ಹುಟ್ಟಿನದು. 18ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ಆಬ್ಸಲಮ್ ಜೋನ್ಸ್ ಎಂಬ ಕಪ್ಪು ಮನುಷ್ಯ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ, ಇದು ನಿನ್ನ ಜಾಗವಲ್ಲವೆಂದು ಅಲ್ಲಿನ ಮೇಲ್ವಿಚಾರಕರು ರಟ್ಟೆ ಹಿಡಿದು ಎಬ್ಬಿಸಿದರು. ಪ್ರಾರ್ಥನೆ ಮುಗಿಯುವ ತನಕ ತಡೆಯಿರಿ ಎಂದು ಆತ ಕೇಳಿಕೊಂಡರೂ ಬಿಡಲಿಲ್ಲ. ಜೋನ್ಸ್, ರಿಚರ್ಡ್ ಆ್ಯಲನ್ ಮತ್ತು ಜೊತೆಯವರು ಎದ್ದು ಹೊರಗೆ ನಡೆದರು. 1816ರಲ್ಲಿ ಆ್ಯಲನ್ ಮುಂದಾಳತ್ವದಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ರೂಪುಗೊಂಡಿತು. ನನ್ನನ್ನು ಕಾಡುವುದು ಎಬ್ಬಿಸಿದವರ ಧೈರ್ಯ. ದೇವರ ಜೊತೆ ಮಾತಾಡುತ್ತಿದ್ದವನನ್ನು ಮಾತಿನ ನಡುವೆ ಎಬ್ಬಿಸಿದರಲ್ಲ, ಎದುರಿಗಿದ್ದವನು ಯಾರೆಂದುಕೊಂಡಿದ್ದರು?

ನಮ್ಮ ನೆರೆಯಲ್ಲೇ, ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ, 1872ರಲ್ಲಿ ಎರಡು ತೋಳುಗಳ ಚರ್ಚು ಎದ್ದಿತು. ಒಂದು ತೋಳಿನಲ್ಲಿ ಮೇಲ್ಜಾತಿಯವರು, ಇನ್ನೊಂದರಲ್ಲಿ ಉಳಿದವರು. ಎರಡೂ ಕೂಡುವಲ್ಲಿ ಒಂದೇ ಪೀಠ. ಅದೇ ಪೂಜೆ, ಅದೇ ರೊಟ್ಟಿ, ನಡುವೆ ಗೋಡೆ. ಕಳೆದ ಶತಮಾನದ ಆರಂಭದಲ್ಲಿ ಗುರುಗಳು ಗೋಡೆ ಕೆಡವಿಸಿದಾಗ ಮೇಲ್ಜಾತಿಯವರು ಕೋರ್ಟು ಹತ್ತಿದರು. ಮದ್ರಾಸ್ ಹೈಕೋರ್ಟು ಅವರ ವಾದವನ್ನು ಒಪ್ಪಲಿಲ್ಲ. ಗೋಡೆಯೇನೋ ಬಿತ್ತು, ಮದುವೆ ಮಾತುಕತೆಗೆ ಕೂತಾಗ ನಮ್ಮ ಸಭೆಗಳಲ್ಲಿ ಮೊದಲು ಏನನ್ನು ವಿಚಾರಿಸುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಷ್ಟಾದರೂ ನನ್ನ ಮುಖ್ಯ ಸಂಕಟ ಬೇರೆಯೇ. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಕಾಯುವ ಹೆಂಗಸರನ್ನು ನೀವು ಬಲ್ಲಿರಿ. ಗಂಡನ ಕುಡಿತ, ಮಗಳ ಹೆರಿಗೆ, ಕಟ್ಟಲಾಗದ ಸಂಘದ ಕಂತು. "ನೀವೇ ಪ್ರಾರ್ಥನೆ ಮಾಡಿ ಪಾಸ್ಟರ್, ನಮ್ಮದೆಲ್ಲಿ ದೇವರಿಗೆ ಕೇಳಿಸುತ್ತೆ" ಎನ್ನುತ್ತಾರೆ. ಈ ಮಾತು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ದೇವರು ನನಗೆ ಹೇಳಿದ, ನನ್ನ ಮೂಲಕ ಕೊಟ್ಟ ಎಂದು ಮೈಕಿನಲ್ಲಿ ವಾರವಾರವೂ ಕೇಳಿದವರು ತಮಗೆ ಅವನು ಏನೂ ಹೇಳುವುದಿಲ್ಲವೆಂದು ನಂಬಿಬಿಡುತ್ತಾರೆ. ಇದಕ್ಕಿಂತ ದಪ್ಪದ ತೆರೆ ಯಾವುದಿದೆ?

ಶಿಲೋವಿನಲ್ಲಿ ಹನ್ನಳು ತುಟಿಯಷ್ಟೇ ಆಡಿಸುತ್ತ ಅತ್ತು ಪ್ರಾರ್ಥಿಸಿದಳು. ಬಾಗಿಲ ಬಳಿ ಕೂತಿದ್ದ ಯಾಜಕ ಏಲಿ ಅವಳು ಕುಡಿದಿದ್ದಾಳೆಂದುಕೊಂಡ. ದೇವರಿಗೆ ಅವಳು ಹೇಳಿದ್ದೆಲ್ಲ ಕೇಳಿಸಿತ್ತು. ಯೇಸುವಿನ ಕಾಲಕ್ಕೂ ಎಷ್ಟೋ ಮುಂಚಿನ ಮಾತಿದು. ಆದ್ದರಿಂದ ನಾನು ಯೆಹೂದ್ಯರನ್ನು ದೂರುತ್ತಿದ್ದೇನೆಂದು ಯಾರೂ ತಿಳಿಯಬಾರದು. ಕಾವಲು ಕಾಯುವ ಚಟ ಶಿಷ್ಯರಿಗೂ ಇತ್ತು. ಮಕ್ಕಳನ್ನು ಕರೆತಂದವರನ್ನು ಅವರೇ ಗದರಿಸಿದರು, ಯೇಸು ಅದಕ್ಕೆ ಸಿಟ್ಟಾದನು. ಯೆರಿಕೋವಿನ ಕುರುಡ ಬಾರ್ತಿಮಾಯ ಕೂಗಿದಾಗ ಸುತ್ತಲಿದ್ದವರು ಸುಮ್ಮನಿರು ಎಂದರು, ಅವನು ಇನ್ನೂ ಜೋರಾಗಿ ಕೂಗಿದ.

ಪಾಸ್ಟರುಗಳು ಬೇಡವೆಂದು ನಾನು ಹೇಳುತ್ತಿಲ್ಲ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಕೂತವರು, ಆಸ್ಪತ್ರೆಯ ವರಾಂಡದಲ್ಲಿ ಜೊತೆ ನಿಂತವರು ನೀವು. ಒಬ್ಬರಿಗಾಗಿ ಇನ್ನೊಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬನ ಪತ್ರಿಕೆಯೂ ಕಲಿಸುತ್ತದೆ. ಜೊತೆಗೆ ನಿಂತು ಬೇಡುವುದು ಬೇರೆ, ಅಡ್ಡ ನಿಂತು ಅವರ ಬದಲು ಬೇಡುವುದು ಬೇರೆ.

ಆದ್ದರಿಂದ ನನ್ನದೊಂದು ಬೇಡಿಕೆ. ಮುಂದಿನ ಭಾನುವಾರ ಆ ತಾಯಿ ಬಾಗಿಲ ಬಳಿ ಬಂದರೆ ಕೂಡಲೇ ಕಣ್ಣು ಮುಚ್ಚಬೇಡಿ. "ಮೊದಲು ನೀನು ಹೇಳಮ್ಮ, ಆಮೇಲೆ ನಾನು" ಎನ್ನಿ. ಅವರು ತಡವರಿಸಬಹುದು, ಅಳಬಹುದು, ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಬಹುದು. ತಿದ್ದಬೇಡಿ. ಮುಗಿದ ಮೇಲೆ ಗಟ್ಟಿಯಾಗಿ ಆಮೆನ್ ಹೇಳಿ.

ಇಂತಿ,
ನಿಮ್ಮ ಸಭೆಯ ಒಬ್ಬ ಸದಸ್ಯ