ಕುಕ್ಕರ್ ಕೂಗು: ಒಂದು ಶ್ರವಣ ಮೀಮಾಂಸೆ

ಪೇಟೆಯವರಿಗೆ ಕಿವಿ ಸತ್ತುಹೋಗಿದೆ ಎಂಬುದು ಈಚಿನ ವಿದ್ವಾಂಸರ ದೂರು. ಹಕ್ಕಿಯ ಉಲಿ, ಜೀರುಂಡೆಯ ಜೀಕು, ಹೆಂಚಿನ ಮೇಲೆ ಬೀಳುವ ಮಳೆಹನಿ, ಇವನ್ನೆಲ್ಲ ಆಲಿಸುವ ವ್ಯವಧಾನ ನಮ್ಮಲ್ಲಿ ಉಳಿದಿಲ್ಲವಂತೆ. ಕೆನಡಾದ ಸಂಗೀತಗಾರ ಮರ್ರಿ ಶೇಫರ್ 1977ರಲ್ಲಿ ಸುತ್ತಲಿನ ಸದ್ದುಗಳ ಮೇಲೆ ಒಂದು ಪುಸ್ತಕವನ್ನೇ ಬರೆದು, ಹಿನ್ನೆಲೆಯ ಸದ್ದು, ಸೂಚನೆ ಕೊಡುವ ಸದ್ದು, ಊರಿನ ಗುರುತಾದ ಸದ್ದು ಎಂದು ವಿಂಗಡಿಸಿಕೊಟ್ಟ ಮೇಲಂತೂ ದೂರುವವರ ಕೈಗೆ ಶಾಸ್ತ್ರವೂ ಸಿಕ್ಕಿತು. ಪ್ರಸ್ತುತ ಪ್ರಬಂಧ ಈ ದೂರನ್ನು ಸಾರಾಸಗಟಾಗಿ ತಳ್ಳಿಹಾಕುತ್ತದೆ. ಆಲಿಸುವ ವಿದ್ಯೆಯನ್ನು ಇವರು ಕಾಡಿನಲ್ಲಿ ಹುಡುಕಿದರು; ಅದು ಅಡುಗೆಮನೆಯಲ್ಲಿ ದಿನಕ್ಕೆರಡು ಸಲ ನಡೆಯುತ್ತಲೇ ಇತ್ತು. ನಮ್ಮ ಪ್ರತಿಜ್ಞೆ ಇಷ್ಟು: ಸದ್ದು ಕಿವಿಗೆ ಬೀಳುವುದು ಬೇರೆ, ಅದನ್ನು ಕೇಳುವುದು ಬೇರೆ, ಮೊದಲನೆಯದನ್ನು ಎರಡನೆಯದಾಗಿಸುವ ವಸ್ತು ಒಲೆ ಆರಿಸುವ ಹೊಣೆ. ಸಂಗೀತಜ್ಞಾನಕ್ಕೂ ಪ್ರಕೃತಿಪ್ರೇಮಕ್ಕೂ ಇಲ್ಲಿ ಕೆಲಸವಿಲ್ಲ. ಇದನ್ನು ಸಾಧಿಸಲು ನಾವು ಆರಿಸಿಕೊಂಡಿರುವ ದೃಷ್ಟಾಂತ ಪ್ರೆಶರ್ ಕುಕ್ಕರ್.

ಮೊದಲು ಲಕ್ಷಣ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದ ಆರಂಭದಲ್ಲೇ ಶಬ್ದ ಹುಟ್ಟುವ ಬಗೆಯನ್ನು ಹೇಳಿದ್ದಾನೆ. ಜೀವನ ಇಚ್ಛೆ ಇರಬೇಕು, ಅನುಕೂಲವಾದ ಗಾಳಿ ಇರಬೇಕು. ಆಗ ಹೊಕ್ಕುಳಿನ ಬುಡದಿಂದ, ಕಹಳೆಯ ರೀತಿಯಲ್ಲಿ, ಶಬ್ದವೆಂಬ ದ್ರವ್ಯ ಹುಟ್ಟುತ್ತದೆ. ಅದರ ಬಣ್ಣ ಬಿಳಿ. ದೇಹವೇ ವಾದ್ಯ, ನಾಲಗೆಯೇ ಬಾರಿಸುವ ಕೋಲು. ಕನ್ನಡ ಎಂ.ಎ. ತರಗತಿಗಳಲ್ಲಿ ಈ ಬಿಳಿ ಶಬ್ದ ಎಲ್ಲಿದೆ ಎಂದು ತಲೆ ಕೆರೆದುಕೊಂಡವರು ಬಹಳ. ಅದು ಜೈನ ದರ್ಶನದ ಮಾತು, ಅಲ್ಲಿ ಶಬ್ದ ಗುಣವಲ್ಲ ದ್ರವ್ಯ ಎಂದು ಮೇಷ್ಟ್ರು ಸಮಾಧಾನ ಹೇಳಿ ಮುಂದಿನ ಸೂತ್ರಕ್ಕೆ ಹೋಗುತ್ತಾರೆ. ಗ್ಯಾಸ್ ಒಲೆಯ ಮುಂದೆ ಐದು ನಿಮಿಷ ನಿಂತಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಹೊಟ್ಟೆಯ ಬುಡದಲ್ಲಿ ಆವಿ, ಕೊರಳಲ್ಲಿ ಕಹಳೆ, ನಾಲಗೆಯ ಜಾಗದಲ್ಲಿ ಕುಣಿಯುವ ವೆಯ್ಟು, ಹೊರಬಂದದ್ದು ಅಚ್ಚ ಬಿಳಿ. ಭೌತವಿಜ್ಞಾನಿಯೊಬ್ಬ ಎದ್ದುನಿಂತು, ಆವಿಗೆ ಬಣ್ಣವೇ ಇಲ್ಲ, ಬಿಳುಪಾಗಿ ಕಾಣುವುದು ಹೊರಗೆ ಬಂದು ತಣಿದ ನೀರಿನ ಹನಿ ಎನ್ನಬಹುದು. ಸಂತೋಷ. ಹನಿ ದ್ರವ್ಯವೇ ತಾನೆ? ಕೇಶಿರಾಜ ಹೇಳಿದ್ದೂ ಅದನ್ನೇ. ಕುಕ್ಕರಿಗೆ ಜೀವವಿಲ್ಲ, ಇಚ್ಛೆ ಎಲ್ಲಿಂದ ಬಂತು ಎಂಬ ಆಕ್ಷೇಪಕ್ಕೆ ಉತ್ತರ ಇನ್ನೂ ಸುಲಭ. ಜೀವ ಒಳಗೇ ಇರಬೇಕೆಂಬ ನಿಯಮವಿಲ್ಲ. ಎಂಟೂವರೆಗೆ ಡಬ್ಬಿ ತೆಗೆದುಕೊಂಡು ಬಸ್ಸು ಹಿಡಿಯಬೇಕಾದ ಜೀವಗಳು ಹೊರಗೆ ಬೇಕಾದಷ್ಟಿವೆ.

ಹೀಗೆ ಹುಟ್ಟಿದ ಕೂಗು ಸದ್ದು ಮಾತ್ರವಲ್ಲ, ಕಾಲಮಾನವೂ ಹೌದು. ಅಡುಗೆ ಹೇಳಿಕೊಡುವವರು “ಬೇಳೆಗೆ ಮೂರು ವಿಷಲ್” ಎನ್ನುತ್ತಾರೆಯೇ ವಿನಾ ಇಷ್ಟು ನಿಮಿಷ ಎನ್ನುವುದಿಲ್ಲ. ಕಾಲವನ್ನು ಪಾತ್ರೆ, ನೀರುಗಳಿಂದ ಅಳೆಯುವುದು ನಮಗೆ ಹೊಸದೇನಲ್ಲ. ತಳದಲ್ಲಿ ಸಣ್ಣ ತೂತಿರುವ ಗಳಿಗೆ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ, ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಅಲ್ಲಿ ನೀರು ಪಾತ್ರೆಯೊಳಗೆ ಬರುತ್ತಿತ್ತು, ಇಲ್ಲಿ ಹೊರಗೆ ಹೋಗುತ್ತದೆ. ಶಾಸ್ತ್ರಕ್ಕೆ ಇದು ದೊಡ್ಡ ಭೇದವಲ್ಲ. ಪಶ್ಚಿಮದ ಇತಿಹಾಸವೂ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. 1656ರಲ್ಲಿ ಲೋಲಕದ ಗಡಿಯಾರ ಕಂಡುಹಿಡಿದವನು ಹೈಗೆನ್ಸ್. ಪ್ಯಾರಿಸ್ಸಿನಲ್ಲಿ ಅವನ ಕೈಕೆಳಗೆ ಸಹಾಯಕನಾಗಿದ್ದವನು ಡೆನಿಸ್ ಪಾಪಿನ್. ಗುರುವಿನ ಗಡಿಯಾರದಲ್ಲಿ ಏನು ಕೊರತೆ ಕಂಡನೋ, ಪಾಪಿನ್ ಲಂಡನ್ನಿಗೆ ಹೋಗಿ 1679ರಲ್ಲಿ ಮೂಳೆಯನ್ನೂ ಮೆತ್ತಗಾಗಿಸುವ ಆವಿಯ ಪಾತ್ರೆ ಮಾಡಿ, ಅದು ಸಿಡಿಯದಂತೆ ಭಾರವಿಟ್ಟ ಕವಾಟವನ್ನೂ ಜೋಡಿಸಿದ. 1682ರ ಏಪ್ರಿಲಿನಲ್ಲಿ ಆ ಪಾತ್ರೆಯಲ್ಲಿ ಬೆಂದ ಊಟವನ್ನು ರಾಯಲ್ ಸೊಸೈಟಿಯ ಪಂಡಿತರು ಉಂಡದ್ದನ್ನು ಜಾನ್ ಈವ್ಲಿನ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಗುರುಶಿಷ್ಯರ ಈ ಪೈಪೋಟಿ ತೀರ್ಮಾನವಾದದ್ದು ಮಾತ್ರ ಬೆಂಗಳೂರಿನಲ್ಲಿ. 1959ರಲ್ಲಿ ಇಲ್ಲಿ ಪ್ರೆಸ್ಟೀಜ್ ಕುಕ್ಕರ್ ತಯಾರಾಗತೊಡಗಿತು. 1961ರಲ್ಲಿ ಎಚ್‌ಎಂಟಿ ಕೈಗಡಿಯಾರ. ಎಚ್‌ಎಂಟಿ ವಾಚಿನ ಕಂಪನಿಯನ್ನು ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕುಕ್ಕರ್ ಇನ್ನೂ ಕೂಗುತ್ತಿದೆ.

ಕೂಗಿಗೂ ಕೂಗಿಗೂ ನಡುವಿನ ಕಾಲ ಸಮನಾಗಿಲ್ಲ, ಉರಿ, ನೀರು, ಗ್ಯಾಸ್ಕೆಟ್ಟಿನ ವಯಸ್ಸುಗಳನ್ನು ಅನುಸರಿಸಿ ಹಿಗ್ಗಿ ಕುಗ್ಗುತ್ತದೆ, ಇದನ್ನು ಮಾನವೆಂದು ಹೇಗೆ ಒಪ್ಪುವುದು ಎಂದು ಎಂಜಿನಿಯರ್ ಆದ ಪೂರ್ವಪಕ್ಷಿ ಕೇಳುತ್ತಾನೆ. ಕುಕ್ಕರಿನ ಜೊತೆ ಬರುವ ಕೈಪಿಡಿಯೇ ನಿಮಿಷದ ಲೆಕ್ಕ ಕೊಟ್ಟಿದೆಯಲ್ಲ ಎಂದು ಅದನ್ನು ತೆರೆದೂ ತೋರಿಸುತ್ತಾನೆ. ಕೈಪಿಡಿಯನ್ನು ತೆರೆದ ಮೊದಲ ವ್ಯಕ್ತಿಯೆಂದು ಅವನನ್ನು ಗೌರವಿಸಿ ಮುಂದುವರಿಯೋಣ. ಹಗಲನ್ನು ನಾಲ್ಕು ಭಾಗ ಮಾಡಿದರೆ ಒಂದು ಜಾವ. ಬೇಸಿಗೆಯ ಹಗಲು ಉದ್ದ, ಚಳಿಗಾಲದ್ದು ಗಿಡ್ಡ, ಜಾವವೂ ಹಾಗೆಯೇ. ಹಿಗ್ಗಿ ಕುಗ್ಗುವ ಜಾವವನ್ನು ನಂಬಿ ನಮ್ಮ ಹಿರಿಯರು ರಾಜ್ಯವನ್ನೇ ಆಳಿದ್ದಾರೆ, ನಾವು ಬೇಳೆ ಬೇಯಿಸಲಾರೆವೆ? ಊರಿನಿಂದ ಊರಿಗೂ ವ್ಯತ್ಯಾಸ ಉಂಟು ಎಂಬುದನ್ನು ನಾವೇ ಒಪ್ಪಿಕೊಳ್ಳುತ್ತೇವೆ. ಸಮುದ್ರದ ಮಟ್ಟದಲ್ಲಿ ವೆಯ್ಟು ಏಳುವ ಹೊತ್ತಿಗೆ ಒಳಗಿನ ಉಷ್ಣತೆ ಸುಮಾರು 121 ಡಿಗ್ರಿ ಸೆಲ್ಸಿಯಸ್. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಅದು ಒಂದೆರಡು ಡಿಗ್ರಿ ಕೆಳಗೇ ಏಳುತ್ತದೆ. ಆದ್ದರಿಂದ ಮಂಗಳೂರಿನ ಅತ್ತೆ ಫೋನಿನಲ್ಲಿ ಹೇಳಿದ ಮೂರು ವಿಷಲ್ ಬೆಂಗಳೂರಿನ ಸೊಸೆಗೆ ಸಾಲದೆ ಹೋದರೆ ಇಬ್ಬರಲ್ಲಿ ಯಾರದೂ ತಪ್ಪಲ್ಲ. ಪಂಚಾಂಗದಲ್ಲಿ ಊರೂರಿಗೆ ಸೂರ್ಯೋದಯ ಬೇರೆ ಕೊಡುವಂತೆ ಇದಕ್ಕೂ ಒಂದು ಕೋಷ್ಟಕ ಕೊಡಬೇಕಾಗಿತ್ತು.

ಇನ್ನು ತಿರುಳಿಗೆ ಬರೋಣ. ಬೆಳಗಿನ ಎಂಟು ಗಂಟೆಯ ಒಂದು ಮನೆ. ಮಾವ ಪೇಪರ್ ಓದುತ್ತಿದ್ದಾರೆ, ಗಂಡ ಮೊಬೈಲ್ ನೋಡುತ್ತಿದ್ದಾನೆ, ಮಗ ಒಂದು ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಾನೆ, ಹೆಂಡತಿ ಸ್ನಾನಕ್ಕೆ ಹೋಗಿದ್ದಾಳೆ. ಬಚ್ಚಲುಮನೆಯಿಂದ ಪ್ರಶ್ನೆ: “ರೀ, ಎಷ್ಟು ಸಲ ಕೂಗ್ತು?” ಉತ್ತರ: “ಕೂಗ್ತಲ್ಲ!” ಮರುಪ್ರಶ್ನೆ: “ಎಷ್ಟು ಅಂತ ಕೇಳ್ದೆ.” ಉತ್ತರ: “ಕೂಗ್ತಾನೇ ಇತ್ತಪ್ಪ.” ನ್ಯಾಯಶಾಸ್ತ್ರದ ದೃಷ್ಟಿಯಿಂದ ಈ ಸಂವಾದಕ್ಕೆ ಬೆಲೆ ಕಟ್ಟಲಾಗದು. ಏನೋ ಒಂದು ಇದೆ ಎಂದಷ್ಟೇ ತಿಳಿಯುವುದು ನಿರ್ವಿಕಲ್ಪಕ ಪ್ರತ್ಯಕ್ಷ. ಇಂಥದ್ದು, ಇಂಥ ವಿಶೇಷವುಳ್ಳದ್ದು ಎಂದು ತಿಳಿಯುವುದು ಸವಿಕಲ್ಪಕ. ಗಂಡ ನಿರ್ವಿಕಲ್ಪಕದಲ್ಲಿ ನೆಲೆಸಿದ್ದಾನೆ. ಹೆಂಡತಿಯಾದರೋ ಮುಚ್ಚಿದ ಬಾಗಿಲು, ತುಂಬುತ್ತಿರುವ ಬಕೆಟ್ಟು, ಎರಡನ್ನೂ ದಾಟಿ ಎರಡನೆಯ ಕೂಗಿನವರೆಗೆ ಎಣಿಸಿದ್ದಾಳೆ. ತಲೆಯ ಮೇಲೆ ನೀರು ಸುರಿದುಕೊಂಡ ಗಳಿಗೆಯಲ್ಲಿ ಮೂರನೆಯದೊಂದು ಬಂದು ಹೋಯಿತೇ ಎಂಬುದಷ್ಟೇ ಅವಳ ಸಂಶಯ. ಒಲೆಯಿಂದ ಹತ್ತು ಅಡಿ ದೂರದಲ್ಲಿ, ಒಣ ಕಿವಿಗಳೊಡನೆ ಕೂತ ಮೂವರಲ್ಲಿ ಒಬ್ಬರಾದರೂ ಅವಳ ಸಂಶಯ ತೀರಿಸಲಾರರು.

ಗಂಡಸರ ಕಿವಿಯ ರಚನೆಯೇ ಹಾಗೆ, ಅವರ ಗಮನ ಒಂದೇ ಕಡೆ ನಿಲ್ಲುತ್ತದೆ ಎಂದು ಸಮರ್ಥಿಸುವವರಿದ್ದಾರೆ. ಈ ವಾದ ನಿಲ್ಲುವುದಿಲ್ಲ. ಇದೇ ಗಂಡ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಗದ್ದಲದ ನಡುವೆ ತನ್ನ ಸ್ಕೂಟರಿನಿಂದ ಬರುವ ಸಣ್ಣ ‘ಟಿಕ್ ಟಿಕ್’ ಕೇಳಿ, ಇದು ಟಪ್ಪೆಟ್ ಸದ್ದು, ಚೈನಿನದ್ದಲ್ಲ ಎಂದು ಮೆಕ್ಯಾನಿಕ್ಕಿನ ಜೊತೆ ವಾದ ಮಾಡಬಲ್ಲ. ಪಕ್ಕದ ಕೋಣೆಯ ಟಿ.ವಿ.ಯಲ್ಲಿ ವಿಕೆಟ್ ಬಿದ್ದರೆ ಸ್ಕೋರಿನ ಸಮೇತ ಹೇಳಬಲ್ಲ. ಕಿವಿ ಚೆನ್ನಾಗಿಯೇ ಇದೆ; ಟಪ್ಪೆಟ್ಟಿಗೆ ದುಡ್ಡು ಕೊಡುವವನು ಅವನು, ಬೇಳೆ ಸೀದರೆ ಪಾತ್ರೆ ಉಜ್ಜುವವರು ಬೇರೆ. ಹೆಂಡತಿ ತವರಿಗೆ ಹೋದರೆ ಅದೇ ಗಂಡ ಅನ್ನಕ್ಕಿಟ್ಟು ಅಡುಗೆಮನೆಯ ಬಾಗಿಲಲ್ಲೇ ನಿಂತು, ಬೆರಳು ಮಡಚಿ “ಒಂದು” ಎಂದು ಗಟ್ಟಿಯಾಗಿ ಎಣಿಸುತ್ತಾನೆ. ಅವಳು ಹಿಂತಿರುಗಿದ ಮರುದಿನ ಕಿವುಡು ಮರುಕಳಿಸುತ್ತದೆ. ಕಾರಣವಿದ್ದಾಗ ಕಾರ್ಯ, ಕಾರಣವಿಲ್ಲದಾಗ ಇಲ್ಲ. ಅನ್ವಯ ವ್ಯತಿರೇಕ ಎರಡೂ ಇಷ್ಟು ಸ್ಪಷ್ಟವಾಗಿ ಕೂಡಿಬರುವ ಉದಾಹರಣೆ ತರ್ಕಗ್ರಂಥಗಳಲ್ಲೂ ಅಪರೂಪ.

ಹೊಣೆ ಹೊತ್ತ ಕಿವಿಗೂ ಭ್ರಮೆ ತಪ್ಪಿದ್ದಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಗಾಳಿಕಿಂಡಿಗೆ ನಾಲ್ಕು ಅಡುಗೆಮನೆಗಳ ಕಿಟಕಿ ತೆರೆದಿರುವುದರಿಂದ ಪಕ್ಕದ ಮನೆಯ ಕೂಗು ನಮ್ಮ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ತಿಳಿಯುವುದು ಹೇಗೆ ಎಂದು ದಾರ್ಶನಿಕರು ಶತಮಾನಗಟ್ಟಲೆ ಕಿತ್ತಾಡಿದ್ದಾರೆ. ಬೇರೆಲ್ಲೋ ಇರುವ ಬೆಳ್ಳಿಯೇ ಇಲ್ಲಿ ತೋರುತ್ತದೆ ಎಂಬುದು ನೈಯಾಯಿಕರ ಅನ್ಯಥಾಖ್ಯಾತಿವಾದ. ಕುಕ್ಕರಿನ ಮಟ್ಟಿಗೆ ಅವರೇ ಗೆದ್ದರು: ಬೇರೆಲ್ಲೋ, ಅಂದರೆ ಮೂರನೇ ಮಹಡಿಯಲ್ಲಿ ಇರುವ ವಿಷಲ್ಲೇ ಇಲ್ಲಿ ತೋರಿದ್ದು. ಪಳಗಿದವರು ಈ ಬಲೆಗೆ ಬೀಳುವುದಿಲ್ಲ, ಏಕೆಂದರೆ ಅವರು ಕೂಗನ್ನಲ್ಲ, ಕೂಗಿನ ಹಿಂದುಮುಂದನ್ನು ಕೇಳುತ್ತಾರೆ. ಮೊದಲು ಒಳಗಿನ ಡಬ್ಬಿಗಳು ಕುದಿಯುವ ನೀರಿನಲ್ಲಿ ಕಟಕಟ ಎನ್ನುತ್ತವೆ, ನಳಿಕೆಯಲ್ಲಿ ಒಂದು ಹನಿ ಚಿರ್ ಎಂದು ಆರುತ್ತದೆ, ವೆಯ್ಟು ಒಂದು ಮಗ್ಗುಲಿಗೆ ವಾಲಿ ಸಣ್ಣಗೆ ಸುಯ್ಯೆನ್ನುತ್ತ ನಡುಗುತ್ತದೆ, ಆಮೇಲೆ ಕೂಗು. ಕೂಗಿದ ಮೇಲೆ ತೊಗರಿಬೇಳೆಯ ಹಳದಿ ನೊರೆ ಮುಚ್ಚಳದ ಮೇಲೆ ಪಿಚಕ್ಕೆಂದು ಉಗುಳಿ, ಇಳಿದು ಬರ್ನರಿಗೆ ತಾಗಿ ಚುರುಗುಟ್ಟುತ್ತದೆ. ಪಕ್ಕದ ಮನೆಯಿಂದ ಬರುವುದು ಬರೀ ಕೂಗು; ಅದಕ್ಕೆ ಈ ಪರಿವಾರವಿಲ್ಲ.

ಶ್ರವಣದ ತುತ್ತತುದಿ ಮಾತ್ರ ಬೇರೆ ಕಡೆ ಇದೆ. ಹಾಲಿನಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿರುವಾಕೆ ಯಾರೂ ಏನೂ ಕೇಳದಿದ್ದರೂ ತಟ್ಟನೆ ಕತ್ತೆತ್ತಿ, “ಏನು, ಇನ್ನೂ ಕೂಗಲೇ ಇಲ್ಲ?” ಎನ್ನುತ್ತಾಳೆ. ಬಾರದ ಸದ್ದನ್ನು ಅವಳು ಕೇಳಿದ್ದಾಳೆ. ನೆಲದ ಮೇಲೆ ಮಡಕೆಯಿಲ್ಲ ಎಂಬ ತಿಳಿವು ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ, ಇದ್ದಿದ್ದರೆ ಕಾಣಲೇಬೇಕಾದದ್ದು ಕಾಣದಿರುವುದೇ ಒಂದು ಪ್ರಮಾಣ, ಅದು ಅನುಪಲಬ್ಧಿ ಎಂದು ಕುಮಾರಿಲ ಭಟ್ಟನ ಪಂಥದವರೂ ಅದ್ವೈತಿಗಳೂ ಹೇಳಿದರು. ಪ್ರತ್ಯೇಕ ಪ್ರಮಾಣವೇನೂ ಬೇಡ ಎಂದು ನೈಯಾಯಿಕರು ಹಟ ಹಿಡಿದರು. ಹಿಂದಿನ ಸುತ್ತಿನಲ್ಲಿ ಗೆದ್ದ ನೈಯಾಯಿಕರು ಇಲ್ಲಿ ಸೋಲುತ್ತಾರೆ. ಎದ್ದು ಹೋಗಿ ನೋಡಿದರೆ ಮೌನದಲ್ಲೂ ಬಗೆಗಳಿವೆ. ವೆಯ್ಟು ಇಡಲು ಮರೆತಿದ್ದರೆ ಏರಿಳಿತವಿಲ್ಲದ ಒಂದೇ ಸುಯ್ಯಲು. ಗ್ಯಾಸ್ಕೆಟ್ ಸಡಿಲಾಗಿದ್ದರೆ ಅಂಚಿನಿಂದ ನೀರು ಜಿನುಗಿ ಬುಸುಗುಟ್ಟುವಿಕೆ. ಸಿಲಿಂಡರ್ ಮುಗಿದಿದ್ದರೆ ಶುದ್ಧ ನಿಶ್ಶಬ್ದ. ಕೂಗುತ್ತಿದ್ದದ್ದು ನಡುವೆ ನಿಂತುಹೋದರೆ ನೀರು ಆರಿದೆ ಎಂದರ್ಥ. ಇನ್ನು ತಡಮಾಡಿದರೆ ಸೇಫ್ಟಿ ವಾಲ್ವಿನ ಲೋಹ ಕರಗುತ್ತದೆ. ಸೀದ ವಾಸನೆ ಎದ್ದ ಮೇಲೆ ಓಡಿಬರುವ ಉಳಿದವರದು ಮೂಗಿನ ಜ್ಞಾನ, ಅದು ಯಾವಾಗಲೂ ತಡ. ಅಮೆರಿಕದ ಜಾನ್ ಕೇಜ್ 1952ರಲ್ಲಿ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡು ಒಂದು ಸ್ವರವನ್ನೂ ನುಡಿಸದ ಕೃತಿಯನ್ನು ರಚಿಸಿ, ಬಾರದ ಸಂಗೀತಕ್ಕೆ ಕಿವಿಗೊಡುವಂತೆ ಮಾಡಿದ. ಸಭಿಕರಲ್ಲಿ ಯಾರಿಗೂ ಎದ್ದು ಹೋಗಿ ಗ್ಯಾಸ್ಕೆಟ್ ನೋಡಬೇಕಾದ ಹೊಣೆ ಇರಲಿಲ್ಲವಾದ್ದರಿಂದ ಆ ಪ್ರಯೋಗವನ್ನು ನಾವು ಅಪೂರ್ಣವೆಂದು ಪರಿಗಣಿಸುತ್ತೇವೆ.

ಈಗ ಇಂಡಕ್ಷನ್ ಒಲೆ ಬಂದಿದೆ, ಹೊತ್ತು ತುಂಬಿದರೆ ತಾನೇ ಆರುತ್ತದೆ, ಎಣಿಸುವ ಕಿವಿಗೆ ಇನ್ನು ಕೆಲಸವಿಲ್ಲ ಎಂಬುದು ಕೊನೆಯ ಆಕ್ಷೇಪ. ಅಂಥ ಒಲೆ ಮುಗಿಯಿತೆಂದು ಬೀಪ್ ಎನ್ನುತ್ತದೆ; ಓವನ್ನೂ ಬೀಪ್, ವಾಷಿಂಗ್ ಮೆಷಿನ್ನೂ ಬೀಪ್, ಬಾಗಿಲು ಸರಿಯಾಗಿ ಹಾಕದ ಫ್ರಿಜ್ಜೂ ಬೀಪ್. ಯಾವುದರ ಬೀಪ್ ಎಂದು ಹಾಲಿನಲ್ಲಿ ಕೂತವರನ್ನು ಕೇಳಿ ನೋಡಿ: “ಬೀಪ್ ಅಂತಲ್ಲ!” ನಿರ್ವಿಕಲ್ಪಕ ಎಲ್ಲಿಯೂ ಹೋಗಿಲ್ಲ, ವಸ್ತುಗಳಷ್ಟೇ ಹೆಚ್ಚಾಗಿವೆ. ಹಾಗಾಗಿ ಲೆಕ್ಕ ತಪ್ಪಿದಾಗ ಏನು ಮಾಡಬೇಕೆಂಬ ವಿಧಿಯೊಂದನ್ನು ಶಾಸ್ತ್ರ ಕೊಡಲೇಬೇಕು. ಎರಡೋ ಮೂರೋ ಎಂಬ ಸಂಶಯವಿದ್ದಲ್ಲಿ ಎರಡೆಂದೇ ಹಿಡಿದು ಇನ್ನೊಂದು ಕೂಗಿಸತಕ್ಕದ್ದು, ಏಕೆಂದರೆ ಹೆಚ್ಚು ಬೆಂದ ಬೇಳೆ ಸಾರಿಗಾದರೂ ಆಗುತ್ತದೆ, ಬೇಯದ ಬೇಳೆ ಯಾತಕ್ಕೂ ಆಗುವುದಿಲ್ಲ. ಅನ್ನಕ್ಕೆ ಈ ವಿಧಿ ಅನ್ವಯಿಸದು. ಮುದ್ದೆಯಾದ ಅನ್ನಕ್ಕೆ ಬೇಳೆ, ಹುಳಿಪುಡಿ ಬೆರೆಸಿ, ಮೇಲಿಷ್ಟು ತುಪ್ಪ ಸುರಿದು, ಇವತ್ತು ಬಿಸಿಬೇಳೆಬಾತ್ ಎಂದು ಘೋಷಿಸುವ ಸಂಪ್ರದಾಯ ಕೆಲವು ಮನೆಗಳಲ್ಲಿ ಇದೆ, ನಿಜ. ಆದರೆ ಅದು ಪ್ರಾಯಶ್ಚಿತ್ತ ಪ್ರಕರಣಕ್ಕೆ ಸೇರಿದ ವಿಷಯ.